ಅಮ್ಮನ ರೂಮಿನ ಸೀಲಿಂಗ್ ಉದುರುತ್ತಿದೆ, ಕಂಬಿ ಕಾಣುತ್ತಿದೆ. ರಿಪೇರಿ ಸಾಕೋ, ಒಡೆದು ಹೊಸದಾಗಿ ಹಾಕಿಸಬೇಕೋ?

ತುಂಗಾತೀರ (ಜುಲೈ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ. ಅಪ್ಪ 1994ರಲ್ಲಿ ಕಟ್ಟಿಸಿದ ಮನೆ. ಒಂದೇ ಅಂತಸ್ತು, ಮೇಲೆ ಆರ್‌ಸಿಸಿ ತಾರಸಿ. ಅಪ್ಪ ಈಗಿಲ್ಲ. ಮನೆಯಲ್ಲಿ ಅಮ್ಮ, ನಾನು, ನನ್ನ ಮಗಳು.

ಕಳೆದ ಮಂಗಳವಾರ ಬೆಳಗಿನ ಜಾವ ಅಮ್ಮನ ರೂಮಿನಿಂದ ದೊಪ್ ಅಂತ ಸದ್ದು ಬಂತು. ಓಡಿ ಹೋಗಿ ಲೈಟ್ ಹಾಕಿದರೆ ಊಟದ ತಟ್ಟೆಯಷ್ಟು ಅಗಲದ ಚಕ್ಕೆ ಮಂಚದ ಪಕ್ಕ ಬಿದ್ದಿದೆ. ಅಮ್ಮನ ದಿಂಬಿಗೂ ಅದಕ್ಕೂ ಒಂದು ಮೊಳ ದೂರ ಅಷ್ಟೇ. ಎತ್ತಿ ನೋಡಿದೆ, ಎರಡು ಕೈಯಲ್ಲಿ ಹಿಡಿಯುವಷ್ಟು ಭಾರ ಇತ್ತು. ಒಳಮೈಗೆ ತುಕ್ಕಿನ ಗೆರೆ ಅಚ್ಚು ಒತ್ತಿದಂತೆ ಅಂಟಿಕೊಂಡಿತ್ತು. ಮೇಲೆ ನೋಡಿದರೆ ಮೂರು ಕಂಬಿ ಕಾಣುತ್ತಿವೆ. ಅದರಲ್ಲಿ ಒಂದು ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಎದ್ದಿದೆ.

ಆ ಜಾಗದಲ್ಲಿ ಮೂರು ವರ್ಷದಿಂದ ಕಲೆ ಇತ್ತು. ಮೊದಲು ಚಹಾ ಚೆಲ್ಲಿದಂತೆ ಒಂದು ಕಂದು ಉಂಗುರ, ಆಮೇಲೆ ಅದರ ಸುತ್ತ ಬಿಳಿ ಪುಡಿ. ಪ್ರತಿ ವರ್ಷ ದೀಪಾವಳಿಗೆ ಮುಂಚೆ ಪೇಂಟಿನವರು ಬಂದು ಕೆರೆದು, ಪುಟ್ಟಿ ಹಚ್ಚಿ, ಬಣ್ಣ ಹೊಡೆದು ಹೋಗುತ್ತಿದ್ದರು. ಯುಗಾದಿ ಹೊತ್ತಿಗೆ ಕಲೆ ಮತ್ತೆ ಬರುತ್ತಿತ್ತು. ಈಗ ಮಳೆ ಹಿಡಿದ ಮೇಲೆ ಫ್ಯಾನಿನ ಮೇಲಿನ ಬಟ್ಟಲಿನಿಂದಲೂ ಹನಿ ಬೀಳುತ್ತಿದೆ.

ಮೂರು ಜನರನ್ನು ಕರೆಸಿ ತೋರಿಸಿದೆ, ಮೂವರೂ ಮೂರು ಮಾತು ಹೇಳಿದರು. ಮೊದಲನೆಯ ಮೇಸ್ತ್ರಿ, ಕೆರೆದು ದಪ್ಪಗೆ ಸಿಮೆಂಟ್ ಮೆತ್ತಿದರೆ ಸಾಕು, ಒಂದೇ ದಿನದ ಕೆಲಸ ಅಂದರು. ಎರಡನೆಯವರು ಫಾಲ್ಸ್ ಸೀಲಿಂಗ್ ಮಾಡಿಸಿ, ಏನೂ ಕಾಣುವುದಿಲ್ಲ, ರೂಮೂ ಚೆನ್ನಾಗಿ ಕಾಣುತ್ತದೆ ಅಂದರು. ಮೂರನೆಯವರು ಆ ರೂಮಿನ ಮೇಲಿನ ಸ್ಲ್ಯಾಬ್ ಪೂರ್ತಿ ಒಡೆದು ಹೊಸದಾಗಿ ಮೋಲ್ಡ್ ಹಾಕಬೇಕು ಅಂದರು. ಆ ಖರ್ಚು ಕೇಳಿಯೇ ಅಮ್ಮ ಸುಮ್ಮನಾಗಿಬಿಟ್ಟರು. ಈ ಮನೆ ಅಪ್ಪ ಪೈಸೆ ಪೈಸೆ ಕೂಡಿಸಿ ಕಟ್ಟಿದ್ದು, ಸುಮ್ನೆ ಒಡೆಸಲು ನನಗೂ ಮನಸ್ಸಿಲ್ಲ. ಹಾಗಂತ ಅಮ್ಮನ ತಲೆ ಮೇಲೆ ಇನ್ನೊಂದು ಚಕ್ಕೆ ಬೀಳುವುದನ್ನು ಕಾಯುತ್ತಾ ಕೂರಲೂ ಆಗುವುದಿಲ್ಲ.

ಗೊತ್ತಿರುವವರು ದಯವಿಟ್ಟು ಹೇಳಿ. ಯಾರ ಮಾತು ಕೇಳಲಿ? ಈ ಮಳೆಯಲ್ಲೇ ಕೆಲಸ ಹಿಡಿಯಲೇ, ನಿಲ್ಲಲಿ ಅಂತ ಕಾಯಲೇ?

ದಾವಣಗೆರೆ ಸಿವಿಲ್

ಮೇಡಂ, ಮೂವತ್ತು ವರ್ಷ ಕಟ್ಟಡದ ಕೆಲಸ ಮಾಡಿಸಿದವನು ನಾನು, ಈಗ ನಿವೃತ್ತ. ಬೇರೆ ಮಾತಿಗೆ ಮುಂಚೆ ಇವತ್ತೇ ಮಾಡಬೇಕಾದದ್ದು ಹೇಳುತ್ತೇನೆ. ಅಮ್ಮನ ಮಂಚ ಆ ರೂಮಿನಿಂದ ಆಚೆ ಬರಲಿ. ಫ್ಯಾನ್ ಹಾಕಬೇಡಿ. ಆ ರೂಮಿಗೆ ಕರೆಂಟ್ ಹೋಗುವ ಎಂಸಿಬಿ ಸ್ವಿಚ್ ಇಳಿಸಿಬಿಡಿ. ಫ್ಯಾನಿನ ಬಟ್ಟಲಿನಿಂದ ಹನಿ ಬರುತ್ತಿದೆ ಅಂದರೆ ವೈರ್ ಹೋಗಿರುವ ಪೈಪಿನಲ್ಲಿ ನೀರು ಓಡಾಡುತ್ತಿದೆ ಅಂತ ಅರ್ಥ. ಫ್ಯಾನ್ ನೇತು ಹಾಕಿರುವ ಕೊಕ್ಕೆಯೂ ಅದೇ ಕಾಂಕ್ರೀಟಿನಲ್ಲಿ ಹೂತಿರುವ ಕಬ್ಬಿಣ. ಕಂಬಿ ಪದರ ಎದ್ದಿರುವಾಗ ಕೊಕ್ಕೆ ಗಟ್ಟಿ ಇದೆ ಅಂತ ನಂಬಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಫ್ಯಾನ್ ಇಳಿಸಿ.

ಇನ್ನು ಮೂವರು ಹೇಳಿದ ಮಾತಿಗೆ ಬರುತ್ತೇನೆ. ಮೂವರಲ್ಲಿ ಒಬ್ಬರೂ ತಾರಸಿ ಹತ್ತಿ ನೋಡಿದಂತೆ ಕಾಣುವುದಿಲ್ಲ, ಅಲ್ವಾ? ನೀರು ಎಲ್ಲಿಂದ ಬರುತ್ತಿದೆ ಅಂತ ನೋಡದೆ ಸೀಲಿಂಗ್ ಬಗ್ಗೆ ಮಾತಾಡುವುದೇ ತಪ್ಪು. ಗಾಯ ಕೆಳಗೆ ಕಾಣುತ್ತಿದೆ, ರೋಗ ಮೇಲಿದೆ.

ಕಂಬಿ ಯಾಕೆ ಹೀಗಾಯಿತು ಅಂತ ಒಂದು ಮಾತು ಹೇಳುತ್ತೇನೆ. ಒಳ್ಳೆಯ ಕಾಂಕ್ರೀಟಿಗೆ ಸುಣ್ಣದಂಥ ಕ್ಷಾರ ಗುಣ ಇರುತ್ತದೆ, ಅದು ಇರುವವರೆಗೂ ಒಳಗಿನ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ವರ್ಷಗಳು ಕಳೆದಂತೆ ಗಾಳಿ ಒಳಗೆ ಇಳಿದು ಆ ಗುಣ ಕಡಿಮೆಯಾಗುತ್ತದೆ. ಆ ಹೊತ್ತಿಗೆ ನೀರೂ ಸಿಕ್ಕಿದರೆ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗಿಂತ ಜಾಸ್ತಿ ಜಾಗ ಕೇಳುತ್ತದೆ. ಒಳಗೆ ಜಾಗ ಎಲ್ಲಿದೆ? ಅದಕ್ಕೆ ಕಂಬಿಯ ಕೆಳಗಿನ ಕಾಂಕ್ರೀಟನ್ನು ಒತ್ತಿ ಒತ್ತಿ ಬೀಳಿಸುತ್ತದೆ. ನಿಮ್ಮ ಮನೆಯಲ್ಲಿ ಬಿದ್ದದ್ದು ಬರೀ ಗಾರೆ ಅಲ್ಲ, ಕಂಬಿಯ ಹೊದಿಕೆ. 1994ರಲ್ಲಿ ಇದ್ದ ಐಎಸ್ 456, ಅಂದರೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡದ ಪ್ರಕಾರ ಸ್ಲ್ಯಾಬಿನ ಕಂಬಿ ಕೆಳಗೆ ಕನಿಷ್ಠ 15 ಮಿಲಿಮೀಟರ್ ಕಾಂಕ್ರೀಟ್ ಇರಬೇಕಿತ್ತು. 2000ರಲ್ಲಿ ಅದನ್ನು ಸಾಮಾನ್ಯವಾಗಿ 20ಕ್ಕೆ ಏರಿಸಿದರು. ಆದರೆ ಆಗ ಮನೆ ಕಟ್ಟುವಾಗ ಕಂಬಿ ಕೆಳಗೆ ಜಲ್ಲಿ ಚೂರು ಸಿಕ್ಕಿಸುತ್ತಿದ್ದರು. ಕಾಂಕ್ರೀಟ್ ಸುರಿಯುವಾಗ ಅದರ ಮೇಲೆ ಕಾಲಿಟ್ಟು ಓಡಾಡಿದರೆ ಚೂರು ಜಾರಿ ಕಂಬಿ ಹಲಗೆಗೆ ತಾಗಿಬಿಡುತ್ತಿತ್ತು. ಬಿದ್ದಿರುವ ಚಕ್ಕೆಯ ದಪ್ಪ ಅಳೆದು ನೋಡಿ, ನಿಮಗೇ ಗೊತ್ತಾಗುತ್ತದೆ.

ಈಗ ನೀವು ಬರೆದದ್ದರಲ್ಲಿ ಒಂದು ಮಾತು ನನ್ನ ಕಣ್ಣಿಗೆ ಬಿತ್ತು. ಯುಗಾದಿ ಹೊತ್ತಿಗೆ ಕಲೆ ವಾಪಸ್ ಬರುತ್ತಿತ್ತು ಅಂದಿರಿ. ದೀಪಾವಳಿಯಿಂದ ಯುಗಾದಿವರೆಗೆ ಶಿವಮೊಗ್ಗದಲ್ಲಿ ಎಲ್ಲಿಯ ಮಳೆ? ಒಣ ದಿನಗಳಲ್ಲೂ ಕಲೆ ಬೆಳೆಯುತ್ತಿದೆ ಅಂದರೆ ಮಳೆ ನೀರು ಒಂದೇ ಕಾರಣ ಅಲ್ಲ. ಆ ರೂಮಿನ ಮೇಲೆ ನೀರಿನ ಟ್ಯಾಂಕ್ ಇದೆಯೇ? ಗೋಡೆಯಲ್ಲಿ ಪೈಪ್ ಇಳಿದಿದೆಯೇ? ಟ್ಯಾಂಕ್ ಎಷ್ಟು ಲೀಟರ್, ಗೋಡೆಯ ಮೇಲೆ ಕೂತಿದೆಯೋ, ಸ್ಲ್ಯಾಬಿನ ನಡುವೆಯೋ? ಇದಿಷ್ಟು ನೋಡಿ ಬರೆಯಿರಿ.

ಇನ್ನೊಂದು ಪರೀಕ್ಷೆ ಇದೆ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಉದ್ದದ ಬಿದಿರು ಕೋಲಿನ ತುದಿಯಿಂದ ಸೀಲಿಂಗಿಗೆ ಮೆಲ್ಲಗೆ ತಟ್ಟಿ. ಗಟ್ಟಿ ಇರುವ ಕಡೆ ಟಕ್ ಟಕ್ ಅನ್ನುತ್ತದೆ. ಬಿಟ್ಟುಕೊಂಡಿರುವ ಕಡೆ ಡಬ ಡಬ ಅನ್ನುತ್ತದೆ. ಡಬ ಡಬ ಅನ್ನುವ ಜಾಗದ ಗಡಿಗೆ ಇದ್ದಿಲ ಚೂರಿನಿಂದ ಗೆರೆ ಎಳೆಯಿರಿ. ಕಲೆ ಇರುವುದಕ್ಕಿಂತ ಆ ಜಾಗ ದೊಡ್ಡದಿದ್ದರೆ ಆಶ್ಚರ್ಯ ಪಡಬೇಡಿ.

ಮತ್ತೊಂದು ಎಚ್ಚರಿಕೆ. ಸೋರುವ ಜಾಗ ಹುಡುಕಲು ತಾರಸಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ ಅಂತ ಯಾರಾದರೂ ಹೇಳುತ್ತಾರೆ. ಗಟ್ಟಿ ತಾರಸಿಗೆ ಅದು ಒಳ್ಳೆಯ ಪರೀಕ್ಷೆಯೇ. ನಿಮ್ಮ ರೂಮು ಹತ್ತು ಹನ್ನೆರಡು ಅಡಿ ಅಂದುಕೊಳ್ಳಿ, ಎರಡು ಇಂಚು ನೀರು ನಿಲ್ಲಿಸಿದರೆ ಅರ್ಧ ಟನ್ನಿಗಿಂತ ಜಾಸ್ತಿ ಭಾರ. ಕಂಬಿ ಸವೆದಿರುವ ಸ್ಲ್ಯಾಬಿನ ಮೇಲೆ ಅದನ್ನು ಹೇರಬೇಡಿ.

ಮೂರನೇ ಮಹಡಿ

ನಾವಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ನಿಮ್ಮ ಪರಿಸ್ಥಿತಿ ಬೇರೆ ಅಂತ ಗೊತ್ತು. ಆದರೂ ಆ ಫಾಲ್ಸ್ ಸೀಲಿಂಗ್ ಸಲಹೆ ಓದಿ ಬರೆಯದೆ ಇರಲು ಆಗಲಿಲ್ಲ. ದಯವಿಟ್ಟು ಬೇಡ.

ನಮ್ಮ ಮನೆಯ ಹಾಲಿಗೆ ಜಿಪ್ಸಮ್ ಬೋರ್ಡಿನ ಸೀಲಿಂಗ್ ಇತ್ತು, ನಾವು ಕೊಳ್ಳುವ ಮುಂಚೆಯೇ ಹಾಕಿದ್ದು. ಮೇಲಿನ ಮನೆಯ ಬಚ್ಚಲಿನಿಂದ ನೀರು ಇಳಿಯುತ್ತಿದ್ದದ್ದು ನಮಗೆ ಎರಡು ವರ್ಷ ಗೊತ್ತೇ ಆಗಲಿಲ್ಲ. ಬೋರ್ಡ್ ನೀರು ಕುಡಿದು ಕುಡಿದು ಒಂದು ದಿನ ಬಸುರಿ ಹೊಟ್ಟೆಯಂತೆ ಕೆಳಗೆ ಬಾಗಿತು. ಪ್ಲಂಬರ್ ಬಂದವರು ಮೊದಲು ಕರೆಂಟ್ ತೆಗೆಸಿದರು, ಕೆಳಗೆ ಬಕೆಟ್ ಇಟ್ಟು ಸ್ಕ್ರೂಡ್ರೈವರಿನಿಂದ ಒಂದು ತೂತು ಮಾಡಿದರು. ಎರಡು ಬಕೆಟ್ ನೀರು ಇಳಿಯಿತು, ಚಹಾ ಬಣ್ಣದ್ದು. ಬೋರ್ಡ್ ಕಿತ್ತರೆ ಮೇಲಿನ ಸ್ಲ್ಯಾಬ್ ಪೂರ್ತಿ ಕಪ್ಪು ಬೂಷ್ಟು. ಮಗನಿಗೆ ಕೆಮ್ಮು ಯಾಕೆ ವಾಸಿಯಾಗುತ್ತಿಲ್ಲ ಅಂತ ಅಷ್ಟು ದಿನ ಡಾಕ್ಟರ ಹತ್ತಿರ ಓಡಾಡಿದ್ದೆವು, ಆ ಬೂಷ್ಟು ನೋಡಿದಾಗ ಹೊಟ್ಟೆ ಉರಿಯಿತು. ನಿಮ್ಮ ಮನೆಯಲ್ಲಿ ಕಂಬಿ ಕಾಣುತ್ತಿರುವುದು ಒಂದು ಲೆಕ್ಕದಲ್ಲಿ ಒಳ್ಳೆಯದೇ. ಕಾಣುತ್ತಿರುವುದರಿಂದ ತಾನೇ ಕೇಳುತ್ತಿದ್ದೀರಿ.

ಮೇಲೆ ಬಚ್ಚಲು ಇರುವ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ನಮಗೆ ಕೆಲಸಕ್ಕೆ ಬಂದ ಉಪಾಯ ಇದು. ಎರಡು ದಿನ ಮೇಲಿನ ಬಚ್ಚಲಿನಲ್ಲಿ ನಲ್ಲಿ ಬಿಡಬಾರದು, ಆದರೆ ಪೈಪಿಗೆ ನೀರಿನ ಒತ್ತಡ ಹಾಗೇ ಇರಬೇಕು. ಆಗಲೂ ಹನಿ ಬಂದರೆ ಗೋಡೆಯೊಳಗಿನ ಪೈಪೇ ಸೋರುತ್ತಿದೆ. ಹನಿ ನಿಂತರೆ ನೆಲದ ಟೈಲ್ಸ್ ಸಂದು, ಇಲ್ಲವೇ ನೀರು ಹೋಗುವ ಜಾಲರಿಯ ಬಾಯಿ. ನಮ್ಮದು ಜಾಲರಿಯ ಬಾಯಿ. ಮೇಲಿನ ಮನೆಯ ಅಜ್ಜಿ ಮೊದಲು ಒಪ್ಪಲಿಲ್ಲ. ಅವರನ್ನೇ ಕೆಳಗೆ ಕರೆದು ನಮ್ಮ ಸೀಲಿಂಗ್ ತೋರಿಸಿದ ಮೇಲೆ, ಅವರೇ ಮಗನಿಗೆ ಫೋನ್ ಮಾಡಿ ಕೆಲಸ ಮಾಡಿಸಿದರು.

ಒಂದು ಚಿಕ್ಕ ವಿಷಯ, ಪ್ಲಂಬರ್ ಕಲಿಸಿದ್ದು. ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ವಾರದ ಮೇಲೆ ಕಲೆ ಗೆರೆ ದಾಟಿದರೆ ನೀರು ಇನ್ನೂ ಬರುತ್ತಿದೆ. ದಾಟದಿದ್ದರೆ ನಿಂತಿದೆ. ನಮ್ಮ ಮನೆಯಲ್ಲಿ ಇದನ್ನು ಬಿಟ್ಟರೆ ಬೇರೆ ಯಾರ ಮಾತನ್ನೂ ನಾನು ನಂಬಲಿಲ್ಲ.

ತುಂಗಾತೀರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಮ್ಮ ಈಗ ಹಾಲಿನಲ್ಲಿ ಮಲಗುತ್ತಿದ್ದಾರೆ. ಫ್ಯಾನ್ ಇಳಿಸಿಯಾಯಿತು. ಸರ್, ನೀವು ಹೇಳಿದ್ದು ನಿಜ. ಕೊಕ್ಕೆ ಪೆನ್ಸಿಲಿನಷ್ಟು ಸಣ್ಣಗಾಗಿತ್ತು. ಎಲೆಕ್ಟ್ರಿಷಿಯನ್ ಹುಡುಗ ಬಟ್ಟಲು ಕೆಳಗೆ ಜಾರಿಸಿದಾಗ ಅದರಲ್ಲಿ ಕೆಂಪು ನೀರು ಅರ್ಧ ತುಂಬಿತ್ತು.

ಚಕ್ಕೆಯ ದಪ್ಪ ಅಳೆದೆ. ಒಂದು ತುದಿ 12 ಮಿಲಿಮೀಟರ್, ಇನ್ನೊಂದು ತುದಿ ಬರೀ 7.

ಮಳೆ ಬಿಟ್ಟ ಹೊತ್ತು ನೋಡಿ ತಾರಸಿ ಹತ್ತಿದೆ. ನಾನು ಅಲ್ಲಿಗೆ ಹೋಗುವುದು ಹಪ್ಪಳ ಒಣಗಿಸಲು, ಬಟ್ಟೆ ಹಾಕಲು ಮಾತ್ರ. ಟ್ಯಾಂಕಿನ ಹಿಂದೆ ಯಾವತ್ತೂ ಬಗ್ಗಿ ನೋಡಿರಲಿಲ್ಲ. ಸಾವಿರ ಲೀಟರಿನ ಟ್ಯಾಂಕ್, ಇಟ್ಟಿಗೆ ಕಟ್ಟೆಯ ಮೇಲೆ, ಸರಿಯಾಗಿ ಅಮ್ಮನ ರೂಮಿನ ನಡುವೆ ಕೂತಿದೆ. ಟ್ಯಾಂಕಿನಿಂದ ಹೊರಡುವ ವಾಲ್ವಿನ ಹತ್ತಿರ ಹನಿ ಹನಿಯಾಗಿ ಬೀಳುತ್ತಿದೆ. ಕಟ್ಟೆಯ ಬುಡದಲ್ಲಿ ಪಾಚಿ ಬೆಳೆದಿದೆ. ಮುಟ್ಟಿದರೆ ರತ್ನಗಂಬಳಿಯಂತೆ ಮೆತ್ತಗಿದೆ, ಅಂದರೆ ಅದು ಅಲ್ಲಿ ಎಷ್ಟೋ ವರ್ಷದಿಂದ ಇದೆ. ನೀರು ಹೋಗುವ ಕೊಳವೆಯ ಬಾಯಿಗೆ ಪಕ್ಕದ ಮನೆಯ ಮಾವಿನ ಎಲೆ ಕಟ್ಟಿಕೊಂಡು, ಆ ಮೂಲೆಯಲ್ಲಿ ಬೆರಳ ಗಿಣ್ಣಿನಷ್ಟು ನೀರು ನಿಂತಿತ್ತು. ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಕಡೆ ಉದ್ದಕ್ಕೂ ಬಿರುಕು.

ಕೋಲಿನಿಂದ ತಟ್ಟಿಯೂ ನೋಡಿದೆ. ಕಲೆ ಇರುವುದು ಮೂರು ಅಡಿ. ಡಬ ಡಬ ಅನ್ನುವುದು ಹತ್ತಿರ ಹತ್ತಿರ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಇದಕ್ಕೆ ಪೂರ್ತಿ ಒಡೆಯಲೇಬೇಕೇ ಸರ್?

ದಾವಣಗೆರೆ ಸಿವಿಲ್

ಟ್ಯಾಂಕ್ ಅಲ್ಲೇ ಇದೆ ನೋಡಿ. ವಾಲ್ವ್ ಇವತ್ತೇ ಬದಲಿಸಿ. ಟ್ಯಾಂಕ್ ಖಾಲಿ ಮಾಡಿ ಅಲ್ಲಿಂದ ಎತ್ತಿಸಿ. ಸಾವಿರ ಲೀಟರ್ ಅಂದರೆ ಒಂದು ಟನ್, ಅದರ ಮೇಲೆ ಇಟ್ಟಿಗೆ ಕಟ್ಟೆಯ ಭಾರ ಬೇರೆ. ಎರಡು ಗೋಡೆ ಸೇರುವ ಮೂಲೆಯ ಮೇಲೆ ಕೂರಿಸಿ, ಗೋಡೆಯಿಂದ ಗೋಡೆಗೆ ಕಬ್ಬಿಣದ ಸ್ಟ್ಯಾಂಡ್ ಹಾಕಿದರೆ ಇನ್ನೂ ಒಳ್ಳೆಯದು. ಕೊಳವೆಯ ಬಾಯಿ ಬಿಡಿಸಿ ಜಾಲರಿ ಹಾಕಿ. ರೂಮಿನ ಒಳಗೆ ಕೆಳಗಿನಿಂದ ನಾಲ್ಕು ಕಡೆ ಜಾಕಿ, ಅಂದರೆ ಸ್ಲ್ಯಾಬಿಗೆ ಆಸರೆಯ ಕಂಬ, ಕೊಡಿಸಿ, ಮೇಲೆ ಹಲಗೆ ಇಟ್ಟು. ಡಬ ಡಬ ಅನ್ನುವ ಭಾಗವನ್ನು ಕೆಲಸದವರಿಂದ ಈಗಲೇ ಉದುರಿಸಿಬಿಡಿ, ತಾನಾಗಿ ಬೀಳುವವರೆಗೆ ಬಿಡಬೇಡಿ. ಮಳೆಯಲ್ಲಿ ಇಷ್ಟು ಸಾಕು. ಮೆತ್ತುವ ಕೆಲಸ ದಸರಾ ಕಳೆದ ಮೇಲೆ.

ಒಡೆಯಬೇಕೋ ಬೇಡವೋ ಅನ್ನುವುದನ್ನು ಕಂಬಿ ಹೇಳುತ್ತದೆ. ಎಲ್ಲಾ ಉದುರಿಸಿದ ಮೇಲೆ ಕಂಬಿಯ ತುಕ್ಕು ಉಜ್ಜಿ ತೆಗೆದು, ವರ್ನಿಯರ್ ಕ್ಯಾಲಿಪರ್ ಹಿಡಿದು ಪ್ರತಿಯೊಂದನ್ನೂ ಅಳೆಯಿರಿ. ನಿಮ್ಮದು 8 ಮಿಲಿಮೀಟರ್ ಕಂಬಿ ಇರಬಹುದು. 8 ಇದ್ದದ್ದು 7 ಆದರೆ ಒಂದೇ ಮಿಲಿಮೀಟರ್ ಹೋಯಿತು ಅಂತ ಅನಿಸುತ್ತದೆ, ಆದರೆ ಕಂಬಿಯ ಬಲ ಕಾಲು ಭಾಗದಷ್ಟು ಹೋಗಿರುತ್ತದೆ. ಲೆಕ್ಕ ವ್ಯಾಸದ್ದಲ್ಲ, ಅಡ್ಡ ಕೊಯ್ದಾಗ ಕಾಣುವ ವಿಸ್ತೀರ್ಣದ್ದು. ಕೆಲವು ಕಂಬಿ ಮಾತ್ರ ಹಾಗಾಗಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಜೋಡಿಸಿ ಉಳಿಸಬಹುದು. ರೂಮಿನ ಉದ್ದಕ್ಕೂ ಹೆಚ್ಚಿನವು ಹಾಗೆಯೇ ಇದ್ದರೆ, ಅಥವಾ ಸ್ಲ್ಯಾಬ್ ಕಣ್ಣಿಗೆ ಕಾಣುವಂತೆ ಕೆಳಗೆ ಬಾಗಿದ್ದರೆ, ಮೂರನೆಯವರು ಹೇಳಿದ್ದು ಸರಿ, ಒಡೆಯಬೇಕು. ಇದನ್ನು ನಾನು ದಾವಣಗೆರೆಯಲ್ಲಿ ಕೂತು ಹೇಳುವುದು ತಪ್ಪಾಗುತ್ತದೆ. ನಿಮ್ಮ ಊರಿನ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ರೂಮಿನಲ್ಲಿ ನಿಂತು ನೋಡಲಿ. ಅವರಿಗೆ ಕೊಡುವ ಫೀಸು ದಂಡ ಅಂದುಕೊಳ್ಳಬೇಡಿ.

ಕರಣೆ ಕೈ

ಅಕ್ಕ, ನಾನು ಗಾರೆ ಕೆಲಸದವನು, ತೀರ್ಥಹಳ್ಳಿ ಕಡೆ. ಸರ್ ಹೇಳಿದ್ದೆಲ್ಲಾ ಸರಿ ಇದೆ. ಮಾಡುವ ಕೈಗಳು ಎಲ್ಲಿ ತಪ್ಪುತ್ತವೆ ಅಂತ ನಾನು ಹೇಳುತ್ತೇನೆ. ಕೆಲಸದವರು ಬಂದಾಗ ನೀವು ಪಕ್ಕದಲ್ಲಿ ನಿಂತು ನೋಡಬಹುದು.

ಆ ಮೊದಲನೆಯ ಮೇಸ್ತ್ರಿ ದಪ್ಪಗೆ ಮೆತ್ತುತ್ತೇನೆ ಅಂದರಲ್ಲ, ಅದು ಆಗದ ಕೆಲಸ. ಸೀಲಿಂಗಿಗೆ ಗಾರೆ ತೆಳ್ಳಗಿರಬೇಕು, ಸಾಧಾರಣವಾಗಿ 6 ಮಿಲಿಮೀಟರ್. ಒಂದು ಇಂಚು ದಪ್ಪ ಮೆತ್ತಿದರೆ ಒಂದು ಚದರ ಅಡಿಗೇ ಹತ್ತಿರ ಹತ್ತಿರ ಐದು ಕೆಜಿ ಭಾರ ನೇತಾಡುತ್ತದೆ. ಅದು ತುಕ್ಕು ಹಿಡಿದ ಕಂಬಿಗೆ ಎಷ್ಟು ದಿನ ಅಂಟಿಕೊಂಡಿರುತ್ತದೆ? ಎರಡು ಮಳೆಗಾಲ ಕಳೆದರೆ ಹೆಚ್ಚು.

ಕಂಬಿ ಕಂಡಿತು ಅಂತ ಅಲ್ಲಿಗೇ ಕೆತ್ತುವುದು ನಿಲ್ಲಿಸಬಾರದು. ಕಂಬಿಯ ಹಿಂದೆ ನಿಮ್ಮ ಕಿರುಬೆರಳು ಆಡುವಷ್ಟು ಬಿಡಿಸಬೇಕು. ತುಕ್ಕು ಕಂಬಿಯ ಬೆನ್ನಿಗೂ ಇರುತ್ತದೆ, ಮುಂದೆ ಮಾತ್ರ ಉಜ್ಜಿದರೆ ಹಿಂದಿನಿಂದ ಮತ್ತೆ ಶುರುವಾಗುತ್ತದೆ. ಉದ್ದಕ್ಕೂ ಒಳ್ಳೆಯ ಕಬ್ಬಿಣ ಸಿಗುವವರೆಗೆ ಕೆತ್ತುತ್ತಾ ಹೋಗಬೇಕು. ಅಂಚು ತೆಳ್ಳಗೆ ಸವರಿದಂತೆ ಬಿಡದೆ ನೇರಕ್ಕೆ ಕತ್ತರಿಸಬೇಕು, ತೆಳ್ಳನೆ ಅಂಚೇ ಮೊದಲು ಎದ್ದೇಳುವುದು. ಆಮೇಲೆ ತಂತಿ ಬ್ರಷ್ ಹಿಡಿದು ಕಂಬಿ ಹೊಳೆಯುವವರೆಗೆ ಉಜ್ಜಿ, ತುಕ್ಕು ತಡೆಯುವ ಪ್ರೈಮರ್ ಅದೇ ದಿನ ಹಚ್ಚಬೇಕು. ನಮ್ಮ ಮಲೆನಾಡಿನ ಗಾಳಿಯಲ್ಲಿ ರಾತ್ರಿ ಕಳೆದರೆ ಉಜ್ಜಿದ ಕಂಬಿ ಮತ್ತೆ ಕೆಂಪಾಗಿರುತ್ತದೆ.

ಮೆತ್ತುವುದಕ್ಕೆ ಬರೀ ಸಿಮೆಂಟ್ ಮರಳು ಸಾಲದು. ಎಸ್‌ಬಿಆರ್ ಲೇಟೆಕ್ಸ್ ಅಂತ ಗಾರೆಗೆ ಬೆರೆಸುವ ಅಂಟು ದ್ರವ ಸಿಗುತ್ತದೆ, ಹಾಲಿನಂತೆ ಬೆಳ್ಳಗಿರುತ್ತದೆ. ಹಣ ಉಳಿಸಲು ಮರಗೆಲಸದ ಬಿಳಿ ಗೋಂದು ಬೆರೆಸುವವರಿದ್ದಾರೆ. ಅದೂ ಬೆಳ್ಳಗೇ ಇರುತ್ತದೆ, ಆದರೆ ಒದ್ದೆಯಾದರೆ ಮತ್ತೆ ಮೆತ್ತಗಾಗುತ್ತದೆ. ಡಬ್ಬದ ಮೇಲಿನ ಹೆಸರು ಓದಿ. ಇಲ್ಲವೇ ರಿಪೇರಿಗೆ ಅಂತಲೇ ಮೂಟೆಯಲ್ಲಿ ಸಿದ್ಧ ಗಾರೆ ಬರುತ್ತದೆ, ದುಡ್ಡು ಜಾಸ್ತಿ, ಆದರೆ ಅಳತೆ ತಪ್ಪುವುದಿಲ್ಲ. ಹಳೆ ಕಾಂಕ್ರೀಟ್ ನೀರು ಕುಡಿದಿರಬೇಕು, ಆದರೆ ಮೇಲ್ಮೈಯಲ್ಲಿ ನೀರು ಹೊಳೆಯಬಾರದು. ಲೇಟೆಕ್ಸ್ ಕಲಸಿದ ಸಿಮೆಂಟ್ ಹಾಲು ಹಚ್ಚಿ, ಅದು ಬೆರಳಿಗೆ ಅಂಟುತ್ತಿರುವಾಗಲೇ ಗಾರೆ ಒತ್ತಬೇಕು. ಒಣಗಿದ ಮೇಲೆ ಒತ್ತಿದರೆ ಅಂಟಿಸುವ ಬದಲು ಬಿಡಿಸಿದಂತೆ. ಆಳ ಇದ್ದ ಕಡೆ ಒಂದೇ ಸಲ ತುಂಬಬಾರದು. ಒಂದು ಪದರ ಹಾಕಿ, ಮೇಲೆ ಗೀರು ಎಳೆದು ಬಿಟ್ಟು, ಅದು ಗಟ್ಟಿಯಾದ ಮೇಲೆ ಇನ್ನೊಂದು.

ಏಳು ದಿನ ನೀರು ಉಣಿಸಬೇಕು. ಸೀಲಿಂಗಿಗೆ ಗೋಣಿಚೀಲ ಹೊದಿಸಲು ಆಗುವುದಿಲ್ಲ, ಅದಕ್ಕೇ ಎಲ್ಲರೂ ಇದನ್ನು ಬಿಟ್ಟುಬಿಡುತ್ತಾರೆ. ಗಿಡಕ್ಕೆ ಔಷಧಿ ಹೊಡೆಯುವ ಪಂಪು ತೊಳೆದು ಇಟ್ಟುಕೊಳ್ಳಿ, ದಿನಕ್ಕೆ ನಾಲ್ಕು ಸಲ ಮಂಜಿನಂತೆ ಹೊಡೆಯಿರಿ. ಸಿದ್ಧ ಗಾರೆ ತಂದರೆ ಮಾತ್ರ ಮೂಟೆಯ ಮೇಲೆ ಬರೆದಷ್ಟು ದಿನ.

ಮಳೆಗೆ ಏನು ಮಾಡುವುದು ಅಂದರೆ, ನಮ್ಮ ಕಡೆ ಈಗ ಎಲ್ಲರೂ ತಾರಸಿ ಮೇಲೆ ಶೀಟ್ ಹೊದಿಸುತ್ತಿದ್ದಾರೆ. ಅದನ್ನೇ ಮಾಡಿ. ಬಿಸಿಲಿಗೂ ಆಯಿತು, ಅಡಿಕೆ ಒಣಗಿಸಲೂ ಆಯಿತು.

ದಾವಣಗೆರೆ ಸಿವಿಲ್

ಕರಣೆ ಕೈ, ನಿಮ್ಮ ಮಾತು ಓದಿ ಖುಷಿಯಾಯಿತು. ಕಿರುಬೆರಳಿನ ಅಳತೆಯನ್ನು ಪ್ರತಿ ಮನೆಯವರೂ ನೆನಪಿಡಬೇಕು.

ಶೀಟಿನ ವಿಷಯದಲ್ಲಿ ಮಾತ್ರ ನನ್ನದು ಸ್ವಲ್ಪ ಬೇರೆ ಮಾತು. ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆಗೆ ಶೀಟ್ ಬೇಕೇ ಬೇಕು. ಶಿವಮೊಗ್ಗ ಪೇಟೆಯಲ್ಲಿ ಅಷ್ಟು ಮಳೆ ಇಲ್ಲ. ತಾರಸಿಯನ್ನೇ ಸರಿ ಮಾಡಿದರೆ ಸಾಕಾಗುತ್ತದೆ. ಶೀಟ್ ಹಾಕಿಸುವುದೇ ಆದರೆ ಕಂಬಗಳು ಗೋಡೆಯ ಮೇಲೆ ಗಟ್ಟಿಯಾಗಿ ಕೂರಬೇಕು, ಗಾಳಿಗೆ ಮೇಲಕ್ಕೆ ಎಳೆಯುವ ಬಲ ತಡೆಯುವಂತಿರಬೇಕು. ನಾಲ್ಕೂವರೆ ಇಂಚಿನ ಪ್ಯಾರಪೆಟ್ ಗೋಡೆಗೆ ಬೋಲ್ಟ್ ಹೊಡೆದು ನಿಲ್ಲಿಸುತ್ತಾರೆ, ಅದು ಅಪಾಯ. ಮತ್ತೆ ಶೀಟ್ ಬಂತು ಅಂತ ಒಳಗಿನ ಕಂಬಿ ಕೆಲಸ ಬಿಡಬಾರದು. ಟ್ಯಾಂಕಿನ ಸೋರಿಕೆಗೆ ಶೀಟ್ ಏನೂ ಮಾಡುವುದಿಲ್ಲ.

ತಾರಸಿಯಲ್ಲಿ ನೀರಿನ ವಾಟ ನೋಡಿ. ಹತ್ತು ಅಡಿಗೆ ಒಂದೂಕಾಲು ಇಂಚಾದರೂ ಇಳಿಜಾರು ಇರಬೇಕು. ಪ್ಯಾರಪೆಟ್ ಸೇರುವ ಮೂಲೆಯ ಬಿರುಕನ್ನು ಕೊರೆದು ತುಂಬಿ, ಆ ಮೂಲೆಯನ್ನು ಗುಂಡಗೆ ಮಾಡಿಸಿ. ಹೆಚ್ಚಿನ ತಾರಸಿಗಳು ಸೋರುವುದು ನಡುವೆ ಅಲ್ಲ, ಈ ಮೂಲೆಯಲ್ಲಿ, ಕೊಳವೆಯ ಬಾಯಲ್ಲಿ. ಅದರ ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟ್, ಒಂದು ಉದ್ದಕ್ಕೆ ಹೊಡೆದರೆ ಇನ್ನೊಂದು ಅಡ್ಡಕ್ಕೆ. ಗೋಡೆಯ ಮೇಲೂ ಒಂದು ಅಡಿ ಹತ್ತಿಸಿ.

ಹಳೇ ಮನೆ ಮೈಸೂರು

ಒಂದು ಮಾತು ಸೇರಿಸುತ್ತೇನೆ. ಇದನ್ನು ಓದಿ ಮದ್ರಾಸ್ ತಾರಸಿ ಇರುವ ಹಳೆ ಮನೆಯವರು ಹೀಗೇ ಮಾಡಲು ಹೋಗಬೇಡಿ. ಮರದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಸುಣ್ಣದ ಗಾರೆ, ಇದು ಬೇರೆಯೇ ಲೋಕ. ನಮ್ಮ ತಾತನ ಮನೆಯಲ್ಲಿ ಸೋರುತ್ತದೆ ಅಂತ ಮೇಲೆ ಸಿಮೆಂಟ್ ಹಾಕಿಸಿದರು. ಬಿರುಕಿನಿಂದ ಇಳಿದ ನೀರು ಆರಲು ದಾರಿ ಇಲ್ಲದೆ ತೊಲೆಗಳು ಗೋಡೆಗೆ ಸೇರುವ ತುದಿಯಲ್ಲಿ ಕೊಳೆತವು. ಹೊರಗಿನಿಂದ ಏನೂ ಕಾಣಲಿಲ್ಲ. ಚಾಕು ಚುಚ್ಚಿದರೆ ಹಿಡಿವರೆಗೂ ಒಳಗೆ ಹೋಯಿತು. ಸುಣ್ಣದ ಕೆಲಸಕ್ಕೆ ಸುಣ್ಣವೇ ಸರಿ, ಆ ಕೆಲಸ ಗೊತ್ತಿರುವವರನ್ನೇ ಹುಡುಕಬೇಕು.

ತುಂಗಾತೀರ (ಫೆಬ್ರವರಿ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರೂ ಅಷ್ಟು ಸಮಯ ಕೊಟ್ಟು ಬರೆದಿರಿ, ಏನಾಯಿತು ಅಂತ ಹೇಳದೆ ಇರಬಾರದು.

ಟ್ಯಾಂಕ್ ಜುಲೈನಲ್ಲೇ ಎತ್ತಿಸಿ ಅಡುಗೆಮನೆ ಮೂಲೆಯ ಗೋಡೆಗಳ ಮೇಲೆ ಸ್ಟ್ಯಾಂಡ್ ಹಾಕಿಸಿದೆ. ಎತ್ತಿದ ಮೇಲೆ ಆ ಇಟ್ಟಿಗೆ ಕಟ್ಟೆಯ ಅಡಿಯಲ್ಲಿ ತಾರಸಿ ಕಪ್ಪಗೆ, ಒದ್ದೆಯಾಗಿ, ಕಾಲಿಟ್ಟರೆ ಜಾರುವಂತಿತ್ತು. ಜಾಕಿ ಕೊಡಿಸಿದೆ. ಡಬ ಡಬ ಅನ್ನುತ್ತಿದ್ದ ಭಾಗ ಉದುರಿಸಿದಾಗ ಹದಿನೇಳು ಬಾಂಡ್ಲಿ ಕಸ ಹೊರಗೆ ಹೋಯಿತು. ಅದೆಲ್ಲಾ ಅಮ್ಮನ ತಲೆಯ ಮೇಲೆ ಇತ್ತಲ್ಲ ಅಂತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಊರಿನ ಎಂಜಿನಿಯರ್ ಒಬ್ಬರು ಬಂದು ಏಣಿ ಹತ್ತಿ ಪ್ರತಿ ಕಂಬಿ ಅಳೆದರು. ಹನ್ನೊಂದು ಕಂಬಿ ಹೊರಗೆ ಕಾಣುತ್ತಿದ್ದವು. ಎಂಟು ಕಂಬಿ ಏಳೂವರೆ ಮಿಲಿಮೀಟರಿಗಿಂತ ಮೇಲೆ ಇದ್ದವು. ಮೂರು ಮಾತ್ರ ಆರೂವರೆಗೆ ಇಳಿದಿದ್ದವು, ಮೂರೂ ಟ್ಯಾಂಕಿನ ನೇರ ಕೆಳಗಿನವು. ಸ್ಲ್ಯಾಬ್ ಬಾಗಿಲ್ಲ. ಒಡೆಯುವುದು ಬೇಡ ಅಂದರು. ಅದನ್ನು ಅವರು ಅಮ್ಮನ ಎದುರೇ ಹೇಳಿದರು. ಅಮ್ಮ ಏನೂ ಮಾತಾಡದೆ ಒಳಗೆ ಹೋಗಿ ಅವರಿಗೆ ಕಾಫಿ ಮಾಡಿ ತಂದರು.

ನವೆಂಬರ್‌ವರೆಗೆ ಒಣಗಲು ಬಿಟ್ಟೆವು. ಎಂಜಿನಿಯರ್ ಒಂದು ಉಪಾಯ ಹೇಳಿಕೊಟ್ಟರು. ಒಂದು ಪ್ಲಾಸ್ಟಿಕ್ ಹಾಳೆಯನ್ನು ಸೀಲಿಂಗಿಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಒಳಗೆ ಬೆವರು ಕಟ್ಟಿದರೆ ಕಾಂಕ್ರೀಟಿನಲ್ಲಿ ಇನ್ನೂ ನೀರಿದೆ. ಮೊದಲ ಸಲ ಬೆವರಿತು, ಎರಡನೇ ಸಲವೂ ಬೆವರಿತು. ನವೆಂಬರ್ ಕೊನೆಯಲ್ಲಿ ಒಣಗಿತ್ತು.

ಮೊದಲು ತಾರಸಿ ಕೆಲಸ. ಸರ್ ಹೇಳಿದಂತೆ ಮೂಲೆ ಗುಂಡಗೆ ಮಾಡಿಸಿ, ವಾಟ ಸರಿ ಮಾಡಿಸಿ, ಎರಡು ಕೋಟ್. ಖರ್ಚು ಸೀಲಿಂಗಿಗಿಂತ ತಾರಸಿಗೇ ಜಾಸ್ತಿ ಆಯಿತು. ಆಮೇಲೆ ಒಳಗಿನ ಕೆಲಸ. ಆ ಮೂರು ಕಂಬಿಗಳ ಪಕ್ಕ ಹೊಸ ಕಂಬಿ, ಎರಡೂ ತುದಿಯಲ್ಲಿ ಗಟ್ಟಿ ಕಂಬಿಯ ಜೊತೆ ಒಂದೂವರೆ ಅಡಿ ಸೇರಿಸಿ ಕಟ್ಟಿದರು. ಕರಣೆ ಕೈ ಅಣ್ಣ, ನಾನು ಏಣಿ ಹತ್ತಿ ಪ್ರತಿ ಕಂಬಿಯ ಹಿಂದೆ ಕಿರುಬೆರಳು ಆಡಿಸಿ ನೋಡಿದೆ. ಎರಡು ಕಡೆ ಬೆರಳು ಹೋಗಲಿಲ್ಲ. ಹೇಳಿದೆ, ಮೇಸ್ತ್ರಿ ಬೇಜಾರು ಮಾಡಿಕೊಳ್ಳದೆ ಮತ್ತೆ ಉಳಿ ಹಿಡಿದರು. ನೀರು ಹೊಡೆಯುವ ಕೆಲಸ ಮಗಳದು. ಏಳು ದಿನ ಬೆಳಿಗ್ಗೆ ಎರಡು ಸಲ, ಸ್ಕೂಲಿನಿಂದ ಬಂದ ಮೇಲೆ ಎರಡು ಸಲ. ಅವಳು ಗೋಡೆಗೆ ಪಟ್ಟಿ ಅಂಟಿಸಿ ಟಿಕ್ ಹಾಕಿಕೊಂಡಿದ್ದಳು.

ಫ್ಯಾನಿಗೆ ಹೊಸ ಕೊಕ್ಕೆ, ವೈರಿಂಗ್ ಹೊಸದು. ಜಾಕಿಗಳನ್ನು ಎಂಜಿನಿಯರ್ ಬಂದು ನೋಡಿ ಹೂಂ ಅಂದ ಮೇಲೆಯೇ ತೆಗೆದದ್ದು. ಸಂಕ್ರಾಂತಿ ದಿನ ಅಮ್ಮನ ಮಂಚ ವಾಪಸ್ ಹೋಯಿತು.

ಬಣ್ಣ ಇನ್ನೂ ಹೊಡೆಸಿಲ್ಲ. ಸೀಲಿಂಗ್ ಈಗ ಸಿಮೆಂಟ್ ಬಣ್ಣದಲ್ಲೇ ಇದೆ. ನೋಡಲು ಚೆನ್ನಾಗಿಲ್ಲ, ನೆಂಟರು ಬಂದಾಗ ಕೇಳುತ್ತಾರೆ. ಈ ಮಳೆಗಾಲ ಒಂದು ಕಳೆಯಲಿ ಅಂತ ಬಿಟ್ಟಿದ್ದೇನೆ. ಹೊಸ ಗಾರೆ ಹಳೆ ಕಾಂಕ್ರೀಟಿಗೆ ಸೇರುವ ಅಂಚಿನ ಸುತ್ತ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದಿದ್ದೇನೆ. ಜೂನ್‌ನಲ್ಲಿ ನೋಡಿ ಇಲ್ಲೇ ಬರೆಯುತ್ತೇನೆ.